ತಪ್ಪು ಆಫೀಸಿನಲ್ಲಿ, ಶಿಕ್ಷೆ ಅಂಕಣದಲ್ಲಿ

ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಪ್ರಧಾನ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು ಆಡುವ ಕುಟುಂಬಗಳು ಕಾರಮಡೈಯಲ್ಲಿ ಬೇಕಾದಷ್ಟಿವೆ. ಬಾಸ್ಕೆಟ್‌ಬಾಲ್ ಹುಚ್ಚಿಗೆ ಮಾತ್ರ ಭಾಷೆಯ ಹಂಗಿಲ್ಲ. ಕೊಯಮತ್ತೂರಿನಲ್ಲಿ ನಾಚಿಮುತ್ತು ಗೌಂಡರ್ ಕಪ್‌ನಂಥ ಅಖಿಲ ಭಾರತ ಟೂರ್ನಿ ನಡೆಯುವ ಸೀಮೆ ಇದು. ಅಂತರ ವಿಶ್ವವಿದ್ಯಾಲಯ ಪಂದ್ಯಗಳನ್ನು ನಡೆಸುವವರು ತಾವು. ಯಾರು ಆಡಬಹುದು, ಯಾರು ಆಡಬಾರದು ಎಂಬ ಕಾಗದವೂ ತಮ್ಮ ಕೈಯಲ್ಲೇ. ಆದ್ದರಿಂದ ದೂರದ ಅಮೆರಿಕದ ಒಂದು ಜಗಳ ತಮ್ಮ ಗಮನಕ್ಕೆ.

2015ರ ಮಾರ್ಚ್‌ನಲ್ಲಿ ಅಲ್ಲಿನ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ, ಸಿರಕ್ಯೂಸ್ ವಿಶ್ವವಿದ್ಯಾಲಯವನ್ನು ದಂಡಿಸಿತು. ಆಟಗಾರನ ಅರ್ಹತೆ ಉಳಿಸಲು ಸಿಬ್ಬಂದಿಯೇ ಅವನ ಪಾಠದ ಕೆಲಸಕ್ಕೆ ಕೈಹಾಕಿದ್ದೂ ಆರೋಪಗಳಲ್ಲಿತ್ತು. ಕೋಚ್ ಜಿಮ್ ಬೇಹೈಮ್‌ಗೆ 9 ಪಂದ್ಯಗಳ ಅಮಾನತು, ವಿದ್ಯಾರ್ಥಿವೇತನಗಳಿಗೆ ಕತ್ತರಿ, ಹಳೆಯ ನೂರಕ್ಕೂ ಹೆಚ್ಚು ಗೆಲುವುಗಳು ಕಡತದಿಂದ ಮಾಯ.

ಮರುವರ್ಷ ಅದೇ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡ 10ನೇ ಶ್ರೇಯಾಂಕದಲ್ಲಿ ರಾಷ್ಟ್ರೀಯ ಟೂರ್ನಿಗೆ ಹೊಕ್ಕು ಸೆಮಿಫೈನಲ್ ಮುಟ್ಟಿತು. ಆ ಶ್ರೇಯಾಂಕದ ತಂಡ ಅಲ್ಲಿಗೆ ತಲುಪಿದ್ದು ಅದೇ ಮೊದಲು. ಅಲ್ಲಿಗೆ ತಲುಪಿಸಿದ ಪಂದ್ಯ ವರ್ಜೀನಿಯಾ ಎದುರಿನದು; ವಿರಾಮದ ಹೊತ್ತಿಗೆ ಸೋತೇ ಹೋದಂತಿದ್ದ ಅದನ್ನು 68-62ಕ್ಕೆ ತಿರುಗಿಸಿದವನು ಆಟಗಾರ ಮಲಾಕೈ ರಿಚರ್ಡ್‌ಸನ್. ತನ್ನ 23 ಅಂಕಗಳಲ್ಲಿ 21 ಹೊಡೆದದ್ದು ದ್ವಿತೀಯಾರ್ಧದಲ್ಲಿ. ಕೆಲವು ಪತ್ರಿಕೆಗಳು ಮೂಗು ಮುರಿದವು: ದಂಡನೆಗೊಳಗಾದ ತಂಡಕ್ಕೆ ಈ ವೇದಿಕೆಯೇ? ರಿಚರ್ಡ್‌ಸನ್ ಹುಟ್ಟಿದ್ದು 1996ರಲ್ಲಿ. ಅಳಿಸಿಹಾಕಿದ ಗೆಲುವುಗಳು 2004-05ರ ಸಾಲಿನಿಂದ ಶುರುವಾಗುತ್ತವೆ. ಆಗಿನ್ನೂ ಅವನು ಪ್ರೈಮರಿ ಶಾಲೆಯ ಹುಡುಗ!

ಹಾಗೆಂದು ಪತ್ರಕರ್ತರನ್ನು ಬೈಯುವ ಪತ್ರ ಇದಲ್ಲ. ಸೆಮಿಫೈನಲ್‌ನಲ್ಲಿ ಸಿರಕ್ಯೂಸನ್ನು 83-66ರಿಂದ ಮಣಿಸಿದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಹುಳುಕನ್ನು ಬಿಡದೆ ಕೆದಕಿದ್ದು ರಾಲೀ ನಗರದ ಪತ್ರಿಕೆ ನ್ಯೂಸ್ ಆ್ಯಂಡ್ ಅಬ್ಸರ್ವರ್. ಪಾಠವೇ ನಡೆಯದ ಕಾಗದದ ತರಗತಿಗಳು 18 ವರ್ಷ ನಡೆದಿದ್ದವು, ಅವನ್ನು ಹೊಕ್ಕು ಬಂದವರು 3,100ಕ್ಕೂ ಹೆಚ್ಚು ಎಂದು 2014ರ ವೈನ್‌ಸ್ಟೀನ್ ವರದಿ ಲೆಕ್ಕ ಕೊಟ್ಟಿತು. 2017ರ ಅಕ್ಟೋಬರ್‌ನಲ್ಲಿ ಎನ್‌ಸಿಎಎ ಏನು ಮಾಡಿತು? ಆ ತರಗತಿಗಳು ಆಟಗಾರರಿಗಷ್ಟೇ ಅಲ್ಲ, ಎಲ್ಲರಿಗೂ ತೆರೆದಿದ್ದವು ಎಂಬ ಕಾರಣ ಮುಂದಿಟ್ಟು ತಂಡವನ್ನು ಶಿಕ್ಷಿಸದೆ ಬಿಟ್ಟಿತು. ಎಲ್ಲರಿಗೂ ತೆರೆದಿಟ್ಟ ಮೋಸ ಮೋಸವಲ್ಲವಂತೆ. ಟೀಕೆ ಬೀಳಬೇಕಾದದ್ದು ಇಂಥ ಕಡೆ, ಆಫೀಸಿನ ಮೇಜಿನ ಮೇಲೆ.

ಲೂಯಿವಿಲ್ ವಿಶ್ವವಿದ್ಯಾಲಯದ್ದು ಇನ್ನೂ ಕಹಿ. ಸಿಬ್ಬಂದಿಯೊಬ್ಬ ಹಾಸ್ಟೆಲಿಗೆ ನರ್ತಕಿಯರನ್ನು ಕರೆಸಿದ್ದ ಹಗರಣ ಹೊರಬಿದ್ದ ಮೇಲೆ, 2016ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯ ಆ ವರ್ಷದ ಟೂರ್ನಿ ಆಡುವುದಿಲ್ಲವೆಂದು ತಾನೇ ಘೋಷಿಸಿತು. ಡೇಮಿಯನ್ ಲೀ ಮತ್ತು ಟ್ರೇ ಲೂಯಿಸ್ ಬೇರೆ ಕಾಲೇಜುಗಳಿಂದ ಬಂದದ್ದೇ ಆ ಕೊನೆಯ ಒಂದು ವರ್ಷ ಆಡಲು. ಹಗರಣ ನಡೆದಾಗ ಇಬ್ಬರೂ ಆ ಊರಲ್ಲೇ ಇರಲಿಲ್ಲ. ಆ ತಂಡದ 2013ರ ರಾಷ್ಟ್ರೀಯ ಪ್ರಶಸ್ತಿಯನ್ನು ಎನ್‌ಸಿಎಎ ಕಿತ್ತುಕೊಂಡದ್ದು 2018ರಲ್ಲಿ; ಗೆದ್ದವರು ಅಷ್ಟರಲ್ಲಿ ಕಾಲೇಜು ಬಿಟ್ಟು ಚದುರಿದ್ದರು.

ತಮ್ಮಲ್ಲಿ ಕೇಳುವುದು ಇಷ್ಟೇ. ವಯಸ್ಸಿನ ದಾಖಲೆಯದೋ ಪ್ರವೇಶದ ದಾಖಲೆಯದೋ ತಕರಾರಿದ್ದರೆ ಟೂರ್ನಿಗೆ ಮೊದಲೇ ತೀರ್ಮಾನವಾಗಲಿ. ಆದೇಶವನ್ನು ಅದೇ ದಿನ ಪ್ರಕಟಿಸಿ. ಸಹಿ ಹಾಕಿದ ಅಧಿಕಾರಿ ಯಾರು, ಕಣ್ಣು ಮುಚ್ಚಿ ಕುಳಿತ ಕೋಚ್ ಯಾರು ಎಂಬುದು ಅದರಲ್ಲಿರಲಿ. ತಪ್ಪು ನಡೆದ ವರ್ಷ ಕಾಲೇಜಿನಲ್ಲೇ ಇರದ ಹುಡುಗ ಹುಡುಗಿಯರನ್ನು ಬೆಂಚಿಗೆ ಕೂರಿಸಬೇಡಿ. ಅವರು ಗೆದ್ದ ಮರುದಿನ ವರದಿಗಾರರು ಹಳೆಯ ಕಡತ ಕೇಳಿಕೊಂಡು ಬಂದರೆ, ಅದು ತಮ್ಮ ಆಫೀಸಿನಲ್ಲಿ ಸಿಗಲಿ.

ಇತಿ,
ಕಾರಮಡೈಯ ಬಾಸ್ಕೆಟ್‌ಬಾಲ್ ಅಭಿಮಾನಿ