ಹರ್‌ಫನ್ ಮೌಲಾಗಳ ಪರವಾಗಿ ಒಂದು ತಕರಾರು

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಶಾದಿಮಹಲುಗಳಲ್ಲಿ ಮದುವೆಗಳ ನಡುವೆ ಬಿಡುವು ಸಿಕ್ಕ ದಿನವೆಲ್ಲ ಕರಿಯರ್ ಗೈಡೆನ್ಸ್ ಶಿಬಿರ. ಇಂಥ ಶಿಬಿರಗಳೇ ಬೇಡವೆನ್ನುವವರು ನಾವಲ್ಲ. ನಮ್ಮ ಮಕ್ಕಳ ಓದು ಎಲ್ಲಿ ನಿಂತುಹೋಗುತ್ತದೆ ಎಂದು 2006ರ ಸಾಚಾರ್ ವರದಿಯಲ್ಲಿ ಓದಿದವರು ಯಾರೂ ಹಾಗೆನ್ನಲಾರರು. ನಮ್ಮ ತಕರಾರು ಇರುವುದು ಆ ವೇದಿಕೆಯಿಂದ ತಪ್ಪದೆ ಕೇಳಿಬರುವ ಒಂದು ಉಪದೇಶದ ಬಗ್ಗೆ. ಒಂದನ್ನು ಹಿಡಿ, ಅದನ್ನೇ ಹಿಡಿದುಕೊಂಡಿರು, ಎರಡು ದೋಣಿಯಲ್ಲಿ ಕಾಲಿಡಬೇಡ. ಇದನ್ನು ಹೇಳುವಾಗ ಭಾಷಣಕಾರರು ‘ಹರ್‌ಫನ್ ಮೌಲಾ’ ಎಂಬ ಮಾತನ್ನು ಎಳೆದು ತರುತ್ತಾರೆ. ಎಲ್ಲ ವಿದ್ಯೆಯಲ್ಲೂ ಪಳಗಿದವನು ಎಂದು ಮೆಚ್ಚಿ ಹೇಳುವ ಮಾತು ಅವರ ಬಾಯಲ್ಲಿ ಬೈಗುಳವಾಗಿಬಿಡುತ್ತದೆ. ಹಿಂದಿನ ಸಾಲಿನಲ್ಲಿ ಕೂತ ತಂದೆಯರ ಮುಖ ಆಗ ನೋಡಬೇಕು. ಬೆಳಿಗ್ಗೆ ಹಣ್ಣಿನ ಮಂಡಿಯಲ್ಲಿ ಲೆಕ್ಕ ಬರೆದು, ಮಧ್ಯಾಹ್ನ ಆಟೊ ಓಡಿಸಿ, ಮದುವೆ ಸೀಸನ್ನಿನಲ್ಲಿ ಬಿರಿಯಾನಿ ದೇಗು ಇಳಿಸುವವರು ಅವರು. ಮಗನ ಎದುರಿಗೇ ಅವರ ಬದುಕನ್ನು ಸೋಲೆಂದು ಸಾರಲಾಗುತ್ತಿರುತ್ತದೆ.

ಈಚೆಗೆ ಕೆಲವು ಓದಿಕೊಂಡ ಭಾಷಣಕಾರರು ಈ ಉಪದೇಶಕ್ಕೆ ಇಬ್ನ್ ಖಲ್ದೂನರ ಸಾಕ್ಷಿಯನ್ನೂ ಕೊಡತೊಡಗಿದ್ದಾರೆ. ಸಾಕ್ಷಿ ಸುಳ್ಳಲ್ಲ. 1377ರಲ್ಲಿ ಬರೆದ ‘ಮುಖದ್ದಿಮಾ’ದಲ್ಲಿ ಅವರು ‘ಮಲಕಾ’ ಎಂಬುದರ ಬಗ್ಗೆ ಹೇಳುತ್ತಾರೆ. ಮತ್ತೆಮತ್ತೆ ಮಾಡಿ ಕೈಗೂ ಮನಸ್ಸಿಗೂ ಹತ್ತಿಹೋದ ಪಳಗುವಿಕೆ ಅದು. ಒಂದು ಕಸುಬಿನ ಮಲಕಾ ಗಟ್ಟಿಯಾಗಿ ಕೂತವನಿಗೆ ಇನ್ನೊಂದರಲ್ಲಿ ಅಷ್ಟೇ ಪಾರಂಗತನಾಗುವುದು ಬಹಳ ಅಪರೂಪ ಎಂಬುದು ಅವರ ವಾದ. ದರ್ಜಿಯನ್ನು ಉದಾಹರಣೆ ಕೊಡುತ್ತಾರೆ: ಹೊಲಿಗೆ ಮೈಗೂಡಿದವನು ಬಡಗಿ ಕೆಲಸದಲ್ಲಿ ಅದೇ ಮಟ್ಟ ಮುಟ್ಟಲಾರ.

ಇಲ್ಲಿಗೆ ಭಾಷಣ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ. ಈ ಮಾತು ಹೇಳಿದವರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂದು ಯಾರೂ ಕೇಳುವುದಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಟ್ಯೂನಿಸ್‌ನ ದರಬಾರಿನಲ್ಲಿ ಅವರಿಗೆ ಸಿಕ್ಕ ಮೊದಲ ಕೆಲಸ ಫರ್ಮಾನುಗಳ ಮೇಲೆ ದಪ್ಪಕ್ಷರದಲ್ಲಿ ಸುಲ್ತಾನನ ಮುದ್ರಾವಾಕ್ಯ ಬರೆಯುವುದು. ಆಮೇಲೆ ಫೆಜ್‌ನಲ್ಲಿ ಕಾರ್ಯದರ್ಶಿ, ನಡುವೆ ಜೈಲು, ಗ್ರಾನಡಾದ ಪರವಾಗಿ ಸೆವಿಲ್ಲಿನ ಕ್ರೈಸ್ತ ದೊರೆಯ ಬಳಿಗೆ ರಾಯಭಾರಿ. ಕೈರೋದಲ್ಲಿ ಅಲ್ ಅಝ್ಹರ್‌ನ ಅಧ್ಯಾಪಕ, 1384ರಲ್ಲಿ ಮಾಲಿಕಿ ಪಂಗಡದ ಮುಖ್ಯ ಖಾಝಿ. ಆ ಹುದ್ದೆಯಿಂದ ತೆಗೆದರು, ಮತ್ತೆ ಕೂರಿಸಿದರು, ಮತ್ತೆ ತೆಗೆದರು. 1401ರಲ್ಲಿ ದಮಾಸ್ಕಸ್ ಮುತ್ತಿಗೆಯ ಹೊತ್ತಿನಲ್ಲಿ ತೈಮೂರನ ಡೇರೆಯಲ್ಲಿ ಕೂತು ಮಾತಾಡಿ ಬಂದವರೂ ಇವರೇ. ಇಷ್ಟರ ಮಧ್ಯೆ ಚರಿತ್ರೆ ಬರೆದರು. ಇಂದಿನ ಶಿಬಿರಕ್ಕೆ ಬಂದಿದ್ದರೆ ‘ನಿಮ್ಮ ಬಯೋಡೇಟಾದಲ್ಲಿ ಸ್ಥಿರತೆ ಕಾಣುತ್ತಿಲ್ಲ’ ಎಂದು ಹೊರಗೆ ಕಳಿಸುತ್ತಿದ್ದೆವೇನೋ.

ಹಾಗಾದರೆ ಅವರು ಬರೆದದ್ದೊಂದು, ಬದುಕಿದ್ದೊಂದೆ? ನಮಗೆ ಹಾಗೆ ತೋರುವುದಿಲ್ಲ. ಉರ್ದುವಿನಲ್ಲಿ ಹುನರ್ ಬೇರೆ, ಪೇಶಾ ಬೇರೆ, ನೌಕರಿ ಬೇರೆ. ಕನ್ನಡದಲ್ಲೂ ಕಸುಬುದಾರಿಕೆ ಎಂದರೆ ಉದ್ಯೋಗವಲ್ಲ. ಇಬ್ನ್ ಖಲ್ದೂನ್ ಮಾತಾಡಿದ್ದು ಹುನರ್ ಬಗ್ಗೆ. ಅದು ಆಳವಾಗಬೇಕು, ಒಂದಾದರೂ ಆಳವಾಗಬೇಕು, ಇದಕ್ಕೆ ನಮ್ಮ ತಂಟೆಯಿಲ್ಲ. ಬೀದರಿನ ಬಿದ್ರಿ ಕೆಲಸ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸತುವಿನ ಜೊತೆ ತುಸು ತಾಮ್ರ ಸೇರಿಸಿ ಎರಕ ಹೊಯ್ಯುವವನ ಕೈ ಬೇರೆ, ಉಳಿಯಿಂದ ಕೆತ್ತುವವನ ಕೈ ಬೇರೆ, ಆ ಗೀರುಗಳಲ್ಲಿ ಬೆಳ್ಳಿಯ ತಂತಿ ಕೂರಿಸುವವನದು ಇನ್ನೂ ಬೇರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಒಂದು ಆಯುಷ್ಯವನ್ನೇ ಈ ಕೆಲಸಕ್ಕೆ ತೆತ್ತದ್ದಕ್ಕೆ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಾವೂ ಕಣ್ಣಿನ ಡಾಕ್ಟರನ್ನೇ ಹುಡುಕಿಕೊಂಡು ಹೋಗುತ್ತೇವೆ. ಆದರೆ ‘ಹುನರ್ ಆಳವಾಗಿರಲಿ’ ಎನ್ನುವ ಮಾತು ‘ಉದ್ಯೋಗ ಒಂದೇ ಇರಲಿ’ ಎಂದು ಯಾವಾಗ ಬದಲಾಯಿತು? ಇದನ್ನು ಬದಲಾಯಿಸಿದವರಿಗೆ ತಿಂಗಳ ಸಂಬಳ ತಪ್ಪದೆ ಬರುತ್ತಿದ್ದಿರಬೇಕು.

ಕಾತಿಬರ ಕತೆಯನ್ನೇ ನೋಡಿ. ಉರ್ದು ಶಾಲೆಯಲ್ಲಿ ಓದಿದ ನಮ್ಮ ತಲೆಮಾರಿನವರು ಅಚ್ಚಿನಲ್ಲಿ ಕಂಡ ಮೊದಲ ಅಕ್ಷರಗಳು ನಿಜಕ್ಕೂ ಯಾರದೋ ಕೈಬರಹ. ನಸ್ತಲೀಖ್ ಲಿಪಿ ಸಾಲಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಬಲದಿಂದ ಎಡಕ್ಕೆ ಇಳಿಜಾರಿನಲ್ಲಿ ಜಾರುತ್ತದೆ. ಪಕ್ಕದಲ್ಲಿ ಯಾವ ಅಕ್ಷರ ಬಂತು ಎಂಬುದರ ಮೇಲೆ ಪ್ರತಿ ಅಕ್ಷರದ ಆಕಾರ ಬದಲಾಗುತ್ತದೆ. ಸೀಸದ ಮೊಳೆಗಳಿಗೆ ಇದು ಒಗ್ಗಲಿಲ್ಲ. ಹಾಗಾಗಿ ಕನ್ನಡದ ಪತ್ರಿಕೆಗಳು ಮೊಳೆ ಜೋಡಿಸಿ ಅಚ್ಚಾಗುತ್ತಿದ್ದ ಕಾಲದಲ್ಲೂ ಉರ್ದು ಪತ್ರಿಕೆಗಳ ಕಚೇರಿಯಲ್ಲಿ ಕಾತಿಬರು ಸಾಲಾಗಿ ಕೂತು ಇಡೀ ಪುಟ ಕೈಯಲ್ಲೇ ಬರೆಯುತ್ತಿದ್ದರು. ಅಕ್ಷರದ ಎತ್ತರ, ಅಗಲ ಎಲ್ಲಕ್ಕೂ ಅಳತೆ ಲೇಖನಿಯ ತುದಿ ಮೂಡಿಸುವ ಚುಕ್ಕೆ. ಉಸ್ತಾದರ ಎದುರು ವರ್ಷಗಟ್ಟಲೆ ತಿದ್ದಿ ಕಲಿಯಬೇಕಾದ ವಿದ್ಯೆ. ಇದಕ್ಕಿಂತ ದೊಡ್ಡ ‘ಸ್ಪೆಷಲೈಸೇಶನ್’ ಯಾವ ಶಿಬಿರದವರು ತೋರಿಸಿಯಾರು?

1981ರಲ್ಲಿ ನೂರಿ ನಸ್ತಲೀಖ್ ಬಂತು. ಸಾವಿರಾರು ಕೂಡಕ್ಷರಗಳನ್ನು ಒಂದೊಂದಾಗಿ ಬರೆದು ಯಂತ್ರಕ್ಕೆ ಒಪ್ಪಿಸಿದವರು ಕರಾಚಿಯ ಅಹ್ಮದ್ ಮಿರ್ಜಾ ಜಮೀಲ್. ಸ್ವತಃ ಖುಶ್‌ನವೀಸ್, ಜೊತೆಗೆ ಮುದ್ರಣದ ಉದ್ಯಮದಲ್ಲಿದ್ದವರು. ಎರಡು ದೋಣಿಯಲ್ಲಿ ಕಾಲಿಟ್ಟವರೇ! 1994ರಲ್ಲಿ ಇನ್‌ಪೇಜ್ ಎಂಬ ತಂತ್ರಾಂಶ ಬಂದ ಮೇಲೆ ಸಾಧಾರಣ ಕಂಪ್ಯೂಟರ್ ಇದ್ದವರೂ ಪುಟ ಕಟ್ಟಬಲ್ಲವರಾದರು. ಚೆನ್ನೈಯ ‘ದಿ ಮುಸಲ್ಮಾನ್’ ಪತ್ರಿಕೆ 2000ದ ದಶಕದಲ್ಲೂ ಕೈಯಲ್ಲೇ ಬರೆಸುತ್ತಿದ್ದುದು ದೊಡ್ಡ ಸುದ್ದಿಯಾಯಿತು. ಬೇರೆಲ್ಲ ಕಡೆ ಆ ಮಣೆಗಳು ಖಾಲಿಯಾಗಿದ್ದರಿಂದಲೇ ಅದು ಸುದ್ದಿ.

ಮಣೆ ಬಿಟ್ಟೆದ್ದ ಕಾತಿಬರಲ್ಲಿ ಎರಡು ಬಗೆಯವರನ್ನು ನಾವು ಕಂಡಿದ್ದೇವೆ. ‘ನಾನು ಕಾತಿಬ್, ಬೇರೆ ಕೆಲಸಕ್ಕೆ ಕೈಹಾಕಲಾರೆ’ ಎಂದು ಕೂತವರ ಮನೆಯಲ್ಲಿ ಹೆಂಡತಿ ಬೀಡಿ ಸುತ್ತಿ ಒಲೆ ಉರಿಸಬೇಕಾಯಿತು. ಇನ್ನು ಕೆಲವರು ಅದೇ ಕೈಯಲ್ಲಿ ಮದುವೆ ಪತ್ರಿಕೆ ಬರೆದರು, ಮಸೀದಿಯ ಮಿಹರಾಬಿನ ಮೇಲೆ ಆಯತ್ ಬರೆದರು, ಕನ್ನಡ ಅಕ್ಷರ ಕಲಿತು ಕಿರಾಣಿ ಅಂಗಡಿಗೂ ಗ್ಯಾರೇಜಿಗೂ ಬೋರ್ಡು ಬರೆದರು. ಫ್ಲೆಕ್ಸ್ ಬಂದು ಬೋರ್ಡಿನ ಕೆಲಸವನ್ನೂ ಕಸಿದಾಗ ಡಿಸೈನ್ ಮಾಡಲು ಕಂಪ್ಯೂಟರ್ ಮುಂದೆ ಕೂತವರಿದ್ದಾರೆ. ಇವರ ಉದ್ಯೋಗ ನಾಲ್ಕು ಬಾರಿ ಬದಲಾಯಿತು, ಹುನರ್ ಬದಲಾಗಲಿಲ್ಲ. ಮೂವತ್ತು ವರ್ಷದ ಕೆಳಗೆ ಬರೆದ ಒಂದು ಮಸೀದಿಯ ಗೋಡೆಯನ್ನೂ ಈಗಿನ ಒಂದು ಫ್ಲೆಕ್ಸನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ಅದೇ ಕೈಯ ಇಳಿಜಾರು ಗುರುತು ಸಿಗುತ್ತದೆ.

ಒಂದೇ ಕಸುಬಿಗೆ ಅಂಟಿಕೋ ಎನ್ನುವುದು ನಮ್ಮ ನಾಡಿಗೆ ಹೊಸ ಉಪದೇಶವೂ ಅಲ್ಲ. ಹುಟ್ಟಿನಿಂದಲೇ ಕಸುಬು ಗೊತ್ತುಮಾಡುವ ಏರ್ಪಾಡು ಇಲ್ಲಿತ್ತು, ಇದೆ. ಜಾತಿಯು ಜನರನ್ನು ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟಗೊಡದೆ ನಿರುದ್ಯೋಗವನ್ನೇ ಹುಟ್ಟಿಸುತ್ತದೆ ಎಂದು ಅಂಬೇಡ್ಕರ್ 1936ರಲ್ಲೇ ಬರೆದರು. ಸಮಾನತೆಯ ಮಾತಾಡುವ ನಮ್ಮವರಲ್ಲೂ ಪಿಂಜಾರರಿದ್ದಾರೆ, ಅವರ ಮನೆಗೆ ಹೆಣ್ಣು ಕೊಡಲು ಹಿಂದೆಗೆಯುವವರಿದ್ದಾರೆ. ಫೋಮ್ ಹಾಸಿಗೆ ಬಂದು ಹತ್ತಿ ಮಿಡಿಯುವ ಬಿಲ್ಲಿನ ಟಂಯ್ ಟಂಯ್ ನಮ್ಮ ಬೀದಿಗಳಲ್ಲಿ ನಿಂತ ಮೇಲೂ ಆ ಕಸುಬಿನ ಹೆಸರು ಮಾತ್ರ ಅವರನ್ನು ಬಿಟ್ಟುಹೋಗಲಿಲ್ಲ. ಇಂಥವರಿಗೆ ‘ಒಂದನ್ನೇ ಹಿಡಿದಿರು’ ಎನ್ನಲು ನಾಲಿಗೆ ಹೇಗೆ ಹೊರಳುತ್ತದೆ?

ಫಿಕ್ಹ್ ಓದಿದವರಿಗಂತೂ ಇದು ಒಪ್ಪುವ ಮಾತೇ ಅಲ್ಲ. ಇಮಾಮ್ ಅಬೂ ಹನೀಫಾ ಕೂಫಾದಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರಿ. ಹನಫಿ ಪಂಡಿತರಲ್ಲೊಬ್ಬರ ಹೆಸರು ಖಸ್ಸಾಫ್, ಎಂದರೆ ಚಪ್ಪಲಿ ಹೊಲಿಯುವವರು. ಮತ್ತೊಬ್ಬರು ಜಸ್ಸಾಸ್, ಗಾರೆಯವರು. ವಿದ್ಯೆ ಅವರ ಹುನರ್, ಅನ್ನ ಬೇರೆ ಕಡೆಯಿಂದ. ಸುಲ್ತಾನನ ಮುಂದೆ ಇಲ್ಲವೆನ್ನುವ ಧೈರ್ಯಕ್ಕೆ ಆ ಅಂಗಡಿಯ ಗಲ್ಲಾಪೆಟ್ಟಿಗೆಯ ಪಾಲೂ ಇತ್ತೆಂದು ನಾವು ನಂಬುತ್ತೇವೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ಚರ್ಚೆಯೇ ನಗೆಪಾಟಲು. ಅಡುಗೆ, ಅತ್ತೆಯ ಆರೈಕೆ, ಹೊಲಿಗೆ ಮಿಷನ್ನು, ಸಂಜೆ ಮಕ್ಕಳಿಗೆ ಅರಬ್ಬಿ ಪಾಠ. ಇಷ್ಟು ಮಾಡುವವಳನ್ನು ಜನಗಣತಿಯವರು ಬಂದಾಗ ‘ಮನೆಯಲ್ಲೇ ಇದ್ದಾಳೆ’ ಎಂದು ಬರೆಸುವವರು ನಾವೇ. ಬಾನು ಮುಷ್ತಾಕ್ ಅವರು ವರದಿಗಾರ್ತಿ, ವಕೀಲೆ, ಹಾಸನದ ನಗರಸಭೆಯ ಸದಸ್ಯೆ, ಕತೆಗಾರ್ತಿ. 2025ರಲ್ಲಿ ಅವರ ಕತೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಚಪ್ಪಾಳೆ ತಟ್ಟಿದ ವೇದಿಕೆಗಳೇ ಜೂನ್ ಬಂದರೆ ಹುಡುಗಿಯರಿಗೆ ‘ಒಂದೇ ಗುರಿ’ ಎನ್ನುತ್ತವೆ. ಕಟಕಟೆಯಲ್ಲಿ ಅಳುವ ಹೆಂಗಸರ ಮಾತು ಕೇಳಿಸಿಕೊಂಡ ವಕೀಲೆಗೂ ಆ ಕತೆಗಳಿಗೂ ಸಂಬಂಧವೇ ಇಲ್ಲವೆ?

ಹಗಲು ಬೈಕ್ ಟ್ಯಾಕ್ಸಿ, ರಾತ್ರಿ ಊಟದ ಪಾರ್ಸೆಲ್ ಹೊತ್ತು ನಾಲ್ಕು ಗಂಟೆ ಮಲಗುವ ಹುಡುಗನನ್ನು ‘ಬಹುಮುಖ ಪ್ರತಿಭೆ’ ಎಂದು ಹೊಗಳುವವರೂ ಈಗ ಹುಟ್ಟಿಕೊಂಡಿದ್ದಾರೆ. ಅವರ ಜೊತೆಗೆ ನಮ್ಮನ್ನು ಸೇರಿಸಬೇಡಿ. ಅಲ್ಲಿ ಉದ್ಯೋಗ ಎರಡಿವೆ, ಹುನರ್ ಒಂದೂ ಬೆಳೆಯುವುದಿಲ್ಲ. ಅವನಿಗೆ ಬೇಕಾದದ್ದು ಹೊಗಳಿಕೆಯಲ್ಲ, ಕೂಲಿ ಮತ್ತು ಕಲಿಯಲು ಬಿಡುವು.

ಇದನ್ನೆಲ್ಲ ಈಗಲೇ ಬರೆಯಲು ಒಂದು ಕಾರಣವಿದೆ. ವಿದ್ಯಾರ್ಥಿವೇತನ ಕೊಡುವ ನಮ್ಮವರದೇ ಒಂದು ಟ್ರಸ್ಟಿನ ಅರ್ಜಿ ನಮ್ಮ ಕೈಗೆ ಬಂದಿದೆ. ‘ಅಭ್ಯರ್ಥಿಯು ಓದಿನ ಹೊರತು ಬೇರಾವ ದುಡಿಮೆಯಲ್ಲೂ ತೊಡಗಿಲ್ಲ’ ಎಂದು ತಂದೆ ಸಹಿ ಹಾಕಿಕೊಡಬೇಕಂತೆ. ನಮ್ಮ ಬೀದಿಯ ಹುಡುಗನೊಬ್ಬ ಪಾಲಿಟೆಕ್ನಿಕ್ ಓದುತ್ತ ಸಂಜೆ ಚಿಕ್ಕಪ್ಪನ ಅಂಗಡಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತಾನೆ. ಪುಸ್ತಕದಲ್ಲಿ ಓದಿದ ಸುರುಳಿಯನ್ನು ಬೆರಳಿನಿಂದ ಸುತ್ತಿ ತಿಳಿದುಕೊಂಡವನು. ಅವನ ತಂದೆ ಸುಳ್ಳು ಸಹಿ ಹಾಕಬೇಕು, ಇಲ್ಲವೇ ಹಣ ಬಿಡಬೇಕು. ಜಕಾತಿನ ದುಡ್ಡು ಹಂಚಲು ಕೂತವರು ಒಬ್ಬ ಬಡವನಿಂದ ಸುಳ್ಳು ಬರೆಸಿಕೊಳ್ಳುವುದು ಯಾವ ಶರೀಅತ್ತಿನಲ್ಲಿದೆ? ಮುಂದಿನ ವರ್ಷದ ಅರ್ಜಿ ಇನ್ನೂ ಅಚ್ಚಾಗಿಲ್ಲ. ಆ ಸಾಲನ್ನು ತೆಗೆದು, ಅದರ ಜಾಗದಲ್ಲಿ ‘ನಿನಗೆ ಇನ್ನೇನು ಕೆಲಸ ಬರುತ್ತದೆ?’ ಎಂದು ಅಚ್ಚು ಹಾಕಿಸಿ.