ಜೂನ್ 4 ಆದ್ಮೇಲೆ ನಾವು ಬದಲಾದ್ವಾ? (ಭಾಗ 5)

ಫೋಟೋದಲ್ಲಿರೋದು ನನ್ನ ಕೆಂಪು ಜೆರ್ಸಿ. 2025ರ ಜೂನ್ 4ರ ರಾತ್ರಿ ಒಗೆಯೋಕೆ ಹಾಕಿದ್ದು, ಆಮೇಲೆ ಬೀರುವಿನಿಂದ ತೆಗೆದಿಲ್ಲ. ಮೊನ್ನೆ ಕ್ಲಾಸಲ್ಲಿ ಒಬ್ಬ ಕೇಳ್ದ, "ಅಷ್ಟು ಜನ ಸತ್ರಲ್ಲ, ಯಾರಾದ್ರೂ ಸ್ವಲ್ಪನಾದ್ರೂ ಬದಲಾದ್ರಾ?" ಆಗ ಸುಮ್ನಿದ್ದೆ. ಇಲ್ಲಿ ಬರೀತಿದ್ದೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಅಲ್ಲಿದ್ದೆ. ಹಿಂದಿನ ರಾತ್ರಿ ಅಹಮದಾಬಾದಲ್ಲಿ ಆರ್‌ಸಿಬಿ ಪಂಜಾಬನ್ನ 6 ರನ್ನಿಂದ ಸೋಲಿಸಿತ್ತು. 18ನೇ ಸೀಸನ್‌ಗೆ ಮೊದಲ ಕಪ್! ನಿದ್ದೆ ಯಾರಿಗೆ ಬಂದಿತ್ತು? ಬೆಳಗ್ಗೆ ಮೆರವಣಿಗೆ ಇಲ್ಲ ಅಂದ್ರು, ಆಮೇಲೆ ಇದೆ ಅಂದ್ರು, ಫ್ರೀ ಪಾಸ್ ಅಂದ್ರು. ಚಿನ್ನಸ್ವಾಮಿಯಲ್ಲಿ ಹಿಡಿಯೋದು 35 ಸಾವಿರದ ಹತ್ರ. ಬಂದವರು ಲಕ್ಷಗಟ್ಟಲೆ.

ನಾನಿದ್ದದ್ದು ಗೇಟಿಂದ ತುಂಬಾ ಹಿಂದೆ. ಮುಂದಿನವರು ಸರೀತಿಲ್ಲ ಅಂತ ಎಲ್ಲರಿಗೂ ಸಿಟ್ಟು. ಎಲ್ಲರ ಜೊತೆ ನಾನೂ ಭುಜ ಕೊಟ್ಟು ತಳ್ಳಿದೆ, ನಗ್ತಾ ನಗ್ತಾ. 11 ಜನ ಹೋದ್ರು ಅಂತ ಗೊತ್ತಾಗಿದ್ದು ಮನೆಗೆ ಬಂದು ಟಿವಿ ನೋಡ್ದಾಗ. ಹೆಚ್ಚಿನವರು ನಮ್ಮ ವಯಸ್ಸಿನ ಆಸುಪಾಸಿನವರು.

'ಕಾಲ್ತುಳಿತ' ಅನ್ನೋ ಪದ ನನಗೆ ಸರಿ ಅನ್ಸಲ್ಲ. ಯಾರೋ ಓಡಿ ಯಾರನ್ನೋ ತುಳಿದ ಹಾಗೆ ಕೇಳತ್ತೆ. ಇಂಥ ಜಂಗುಳಿಯಲ್ಲಿ ಬಹಳ ಜನ ಸಾಯೋದು ಉಸಿರು ಸಿಗದೆ, ಎಷ್ಟೋ ಸಲ ನಿಂತಲ್ಲೇ. ಎದೆ ಉಬ್ಬೋಕೆ ಜಾಗ ಇರಲ್ಲ. ಆ ಒತ್ತಡ ಬರೋದು ಹಿಂದಿನಿಂದ, ಹಿಂದಿರೋರಿಗೆ ಮುಂದೆ ಏನಾಗ್ತಿದೆ ಅಂತಾನೇ ಗೊತ್ತಿರಲ್ಲ. ನನ್ನ ಭುಜದ ಒತ್ತಡ ಎಲ್ಲಿವರೆಗೆ ಹೋಯ್ತು ಅಂತ ನನಗೆ ಯಾವತ್ತೂ ಗೊತ್ತಾಗಲ್ಲ. (ವ್ಯವಸ್ಥೆ ಮಾಡ್ಬೇಕಾದವರ ತಪ್ಪು ಬೇರೆ, ಅದು ದೊಡ್ಡದು. ಇವತ್ತು ನನ್ನ ಪ್ರಶ್ನೆ ಅದಲ್ಲ.)

ಒಂದು ವಾರ ಎಲ್ಲರೂ ಒಳ್ಳೆಯವರಾಗಿದ್ವಿ. ಸ್ಟೋರಿ ಕಪ್ಪು, ಡಿಪಿ ಕಪ್ಪು. ಮೆಟ್ರೋದಲ್ಲಿ "ನೀವು ಮೊದ್ಲು ಇಳೀರಿ" ಅಂತಿದ್ರು ಜನ, ಸತ್ಯವಾಗ್ಲೂ. ಆಮೇಲೆ ಒಂದು ಕಾಲೇಜ್ ಫೆಸ್ಟ್ ಬಂತು. ಡಿಜೆ ಶುರುವಾಗಿದ್ದೇ ತಡ, ಚಿಕ್ಕ ಬಾಗಿಲಲ್ಲಿ ಅದೇ ಭುಜ, ಅದೇ ಮೊಣಕೈ. ಕಪ್ಪು ಸ್ಟೋರಿ ಹಾಕಿದ್ದವರೇ! ಬೈಯೋಣ ಅಂತ ಬಾಯಿ ತೆಗೆದೆ. ನೋಡಿದ್ರೆ ನನ್ನ ಕೈನೂ ಮುಂದಿದ್ದ ಹುಡುಗನ ಬೆನ್ನ ಮೇಲಿತ್ತು.

ನಾಟಕ ಅಂತ ಮಾತ್ರ ಹೇಳ್ಬೇಡಿ. 2021ರಲ್ಲಿ ಆಕ್ಸಿಜನ್ ಸಿಲಿಂಡರ್‌ಗೆ ರಾತ್ರಿಯೆಲ್ಲ ಓಡಾಡಿದ ನಮ್ಮ ಬೀದಿ ಅಂಕಲ್ ಈಗ ಪಾರ್ಕಿಂಗ್‌ಗೆ ದಿನಾ ಜಗಳ ಆಡ್ತಾರೆ. ಅವತ್ತಿನದೂ ನಿಜ, ಇವತ್ತಿನದೂ ನಿಜ.

ಹಾಗಾದ್ರೆ ಯಾರೂ ಬದಲಾಗೋದೇ ಇಲ್ವಾ? ನಮ್ಮಜ್ಜಿನ ನೋಡಿ. 1981ರ ಫೆಬ್ರವರಿ 7ರಂದು ಇದೇ ಬೆಂಗಳೂರಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ರು, ಬಹುಪಾಲು ಮಕ್ಕಳು. ಅವತ್ತಿಂದ ಅಜ್ಜಿ ಡೇರೆ ಒಳಗೆ ಕಾಲಿಡಲ್ಲ. ಮದುವೆ ಶಾಮಿಯಾನ ಆದ್ರೂ ಅಂಚಿನ ಕುರ್ಚಿನೇ ಬೇಕು, ಹೊರಗೆ ಹೋಗೋ ದಾರಿ ಕಾಣ್ತಿರ್ಬೇಕು. 40 ವರ್ಷ ದಾಟಿದ್ರೂ ಇದು ತಪ್ಪಿಲ್ಲ. ಸಿಡುಕು? ಅದು ಹಾಗೇ ಇದೆ. ನಮ್ಮಮ್ಮನ ಜೊತೆ ಜಟಾಪಟಿ, ಸೊಪ್ಪಿನವಳ ಹತ್ರ ಎರಡು ರೂಪಾಯಿಗೆ ಚೌಕಾಸಿ, ಎಲ್ಲ ಹಾಗೇ. ಅಜ್ಜಿ ಗುಣ ಬದಲಾಗ್ಲಿಲ್ಲ, ಕೂರೋ ಜಾಗ ಬದಲಾಯ್ತು. ನನ್ನ ಕೇಳಿದ್ರೆ ಅಷ್ಟು ಸಾಕು. ನಾವೆಲ್ಲ ಒಳ್ಳೆಯವರಾಗ್ಬಿಡ್ತೀವಿ ಅಂತ ಕಾಯೋದಕ್ಕಿಂತ ಮೈಗೆ ಹತ್ತೋ ಒಂದೇ ಒಂದು ಅಭ್ಯಾಸ ಹಿಡಿಯೋದು ವಾಸಿ. ಡಿಪಿ ಮೈಗೆ ಹತ್ತಲ್ಲ.

ನಾನು ಹಿಡಿದಿರೋದು ಇದು: ಮುಂದಿನವರು ಯಾಕೆ ನಿಂತ್ರು ಅಂತ ಗೊತ್ತಾಗ್ಲಿಲ್ವಾ, ಎರಡು ಹೆಜ್ಜೆ ಹಿಂದೆ. ಇದ್ರಿಂದ ಮೆಜೆಸ್ಟಿಕ್‌ನಲ್ಲಿ ಎರಡು ಸಲ ಬಸ್ ತಪ್ಪಿದೆ. ಮೂರನೇ ಸಲ ಇಂಟರ್ನಲ್ಸ್ ಇತ್ತು, ಲೇಟಾಗಿತ್ತು, ಮತ್ತೆ ತಳ್ಳಿಬಿಟ್ಟೆ. ಬಸ್ ಹತ್ತಿದ್ಮೇಲೆ ನೆನಪಾಯ್ತು.