ದೊಡ್ಡ ಗಾಲಿಗಳ ವ್ಯಾಮೋಹ

ಬೆಂಗಳೂರಿನ ಜೆ.ಸಿ. ರಸ್ತೆಯ ಮೋಟಾರು ಸಾಮಾನಿನ ಅಂಗಡಿಗಳ ಮುಂದೆ ಸಂಜೆಯ ಹೊತ್ತು ಸ್ವಲ್ಪ ನಿಂತು ನೋಡಿದವರಿಗೆ ಒಂದು ವಿಷಯವು ವಿದಿತವಾಗದೆ ಇರದು. ಕಾರನ್ನು ಕೊಂಡು ವರ್ಷ ತುಂಬುವ ಮೊದಲೇ ಅದರ ಗಾಲಿಗಳನ್ನು ಕಳಚಿ, ಅವುಗಳಿಗಿಂತ ಒಂದಂಗುಲವೋ ಎರಡಂಗುಲವೋ ದೊಡ್ಡವಾದ ಅಲಾಯ್ ಗಾಲಿಗಳನ್ನು ತೊಡಿಸುವ ಹವ್ಯಾಸವು ನಮ್ಮ ತರುಣರಲ್ಲಿ ಬಲವಾಗಿ ಬೇರೂರಿದೆ. ಇದನ್ನು ಬರಿಯ ಷೋಕಿಯೆಂದು ತಳ್ಳಿಹಾಕುವ ಹಿರಿಯರ ಪಂಕ್ತಿಗೆ ನಾವು ಸೇರಿದವರಲ್ಲ. ವೇಗದ ಗಾಡಿಯನ್ನು ಕೊಂಡವನು ಅದು ತಿರುವಿನಲ್ಲಿ ನೆಲವನ್ನು ಇನ್ನಷ್ಟು ಭದ್ರವಾಗಿ ಹಿಡಿಯಲೆಂದು ಬಯಸುವುದು ಸಹಜವಾಗಿದೆ. ಆದರೆ ಗಾಲಿ ದೊಡ್ಡದಾದ ಮಾತ್ರಕ್ಕೆ ಗಾಡಿ ಉತ್ತಮವಾಯಿತೆಂಬ ನಂಬಿಕೆಯನ್ನು ಅಂಗಡಿಯವರು ಹಬ್ಬಿಸುತ್ತಿರುವುದೂ, ಕಾನೂನು ಏನನ್ನು ಒಪ್ಪುತ್ತದೆ ಏನನ್ನು ಒಪ್ಪುವುದಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾದವರು ಮೌನವಾಗಿರುವುದೂ ನಮಗೆ ಸರಿಕಾಣುವುದಿಲ್ಲ.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಗಾಡಿಯನ್ನೇ ತೆಗೆದುಕೊಳ್ಳೋಣ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಗಾಲ್ಫ್ ಜಿ.ಟಿ.ಐ. ಎಂಬ ಕಾರು ಮೋಟಾರು ಪ್ರಿಯರಿಗೆಲ್ಲ ಪರಿಚಿತವಾದುದು. 2025ರಲ್ಲಿ ಅದರ ಎಂಟನೆಯ ತಲೆಮಾರು ಭಾರತದಲ್ಲಿಯೂ ಮಾರಾಟಕ್ಕೆ ಬಂದಿತು. 1976ರಲ್ಲಿ ಮೊದಲು ಹೊರಟಾಗ ಈ ಕಾರು 13 ಅಂಗುಲದ ಗಾಲಿಗಳ ಮೇಲೆ ಓಡುತ್ತಿತ್ತು. ಏಳನೆಯ ತಲೆಮಾರಿಗೆ ಬರುವಷ್ಟರಲ್ಲಿ ತಯಾರಕರೇ 17, 18 ಮತ್ತು 19 ಅಂಗುಲದ ಮೂರು ಬಗೆಯ ಗಾಲಿಗಳನ್ನು ಕೊಡತೊಡಗಿದ್ದರು. ಅವುಗಳ ಟೈರುಗಳು ಕ್ರಮವಾಗಿ 225/45 ಆರ್ 17, 225/40 ಆರ್ 18, 235/35 ಆರ್ 19. ಮೊದಲಿನ ಅಂಕಿಯು ಟೈರಿನ ಅಗಲವನ್ನು ಮಿಲಿಮೀಟರಿನಲ್ಲಿ ತಿಳಿಸುತ್ತದೆ. ಎರಡನೆಯದು ಪಕ್ಕದ ಗೋಡೆಯ ಎತ್ತರವು ಆ ಅಗಲದಲ್ಲಿ ನೂರಕ್ಕೆ ಎಷ್ಟು ಪಾಲೆಂಬುದನ್ನು. ಮೂರನೆಯದು ರಿಮ್ಮಿನ ವ್ಯಾಸವನ್ನು ಅಂಗುಲಗಳಲ್ಲಿ. ಈ ಲೆಕ್ಕದಂತೆ ಗುಣಿಸಿ ಕೂಡಿದರೆ ಮೊದಲನೆಯ ಗಾಲಿಯ ಒಟ್ಟು ವ್ಯಾಸ 634 ಮಿಲಿಮೀಟರು, ಎರಡನೆಯದು 637, ಮೂರನೆಯದು 647 ಆಗುತ್ತವೆ. ರಿಮ್ಮು ಎರಡಂಗುಲ ಬೆಳೆದರೂ ಒಟ್ಟು ಗಾಲಿ ಬೆಳೆದದ್ದು ನೂರಕ್ಕೆ ಎರಡರಷ್ಟು ಮಾತ್ರ. ಮಿಕ್ಕದ್ದೆಲ್ಲ ಎಲ್ಲಿಂದ ಬಂದಿತು? ರಬ್ಬರಿನ ಗೋಡೆಯಿಂದ. ಅದು 101 ಮಿಲಿಮೀಟರಿನಿಂದ 90ಕ್ಕೆ, 90ರಿಂದ 82ಕ್ಕೆ ಇಳಿದಿದೆ. ದೊಡ್ಡ ಗಾಲಿಯನ್ನು ಕೊಳ್ಳುವವನು ವಾಸ್ತವದಲ್ಲಿ ರಬ್ಬರನ್ನು ಮಾರಿ ಲೋಹವನ್ನು ಕೊಳ್ಳುತ್ತಾನೆ.

ಈ ವ್ಯಾಪಾರದಲ್ಲಿ ಲಾಭವಿಲ್ಲವೆಂದು ಹೇಳಲಾಗದು. ಗೋಡೆ ಗಿಡ್ಡವಾದಷ್ಟೂ ಟೈರು ಪಕ್ಕಕ್ಕೆ ಬಾಗುವುದು ಕಡಿಮೆಯಾಗಿ, ಸ್ಟಿಯರಿಂಗನ್ನು ತಿರುಗಿಸಿದೊಡನೆ ಗಾಡಿ ತಿರುಗುತ್ತದೆ. ದೊಡ್ಡ ರಿಮ್ಮಿನೊಳಗೆ ದೊಡ್ಡ ಬ್ರೇಕು ತಟ್ಟೆ ಹಿಡಿಸುತ್ತದೆ. ವೇಗದ ಗಾಡಿಗಳ ಗಾಲಿ ಬೆಳೆಯುವುದಕ್ಕೆ ಇದೊಂದು ನ್ಯಾಯವಾದ ಕಾರಣ. ಆದರೆ ಹಳೆಯ ಬ್ರೇಕನ್ನೇ ಇಟ್ಟುಕೊಂಡು ಅದರ ಸುತ್ತ 19 ಅಂಗುಲದ ಬಳೆ ತೊಡಿಸುವುದರಲ್ಲಿ ಆ ಕಾರಣವೂ ಉಳಿಯುವುದಿಲ್ಲ. ಅಗಲವಾದ ಟೈರು ಹೆಚ್ಚು ನೆಲವನ್ನು ಹಿಡಿಯುತ್ತದೆಂಬ ಮಾತಿನಲ್ಲಿಯೂ ಅರ್ಧ ಸತ್ಯವಷ್ಟೇ ಇದೆ. ನೆಲವನ್ನು ಮುಟ್ಟುವ ತುಣುಕಿನ ವಿಸ್ತೀರ್ಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಗಾಡಿಯ ಭಾರ ಮತ್ತು ಟೈರಿನೊಳಗಿನ ಗಾಳಿಯ ಒತ್ತಡ. ಟೈರು ಅಗಲವಾದರೆ ಆ ತುಣುಕು ಅಡ್ಡಲಾಗಿ ಬೆಳೆದು ಉದ್ದದಲ್ಲಿ ಕುಗ್ಗುತ್ತದೆ. ಒಣ ತಿರುವಿನಲ್ಲಿ ಇದರಿಂದ ಪ್ರಯೋಜನವುಂಟು. ಮುಂಗಾರಿನ ದಿನ ನೀರು ನಿಂತ ಹೆದ್ದಾರಿಯಲ್ಲಿ ಅದೇ ಅಗಲವು ಹೆಚ್ಚು ನೀರನ್ನು ತಳ್ಳಬೇಕಾಗಿ, ಗಾಡಿಯು ನೀರಿನ ಮೇಲೆ ತೇಲುವ ಸಂಭವ ಹೆಚ್ಚುತ್ತದೆ.

ತೂಕದ ಮಾತನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಗಾಲಿಯ ತೂಕವು ಸ್ಪ್ರಿಂಗಿನ ಕೆಳಗಿನ ತೂಕ. ಹಳ್ಳದಲ್ಲಿ ಇಳಿದೇಳುವಾಗ ಅದನ್ನು ತಡೆದು ಹಿಡಿಯುವ ಕೆಲಸ ಷಾಕ್ ಅಬ್ಸಾರ್ಬರಿನ ಪಾಲಿಗೆ ಬೀಳುತ್ತದೆ. ಅದಲ್ಲದೆ ಗಾಲಿಯು ಮುಂದಕ್ಕೆ ಸಾಗುವುದರ ಜತೆಗೆ ತಿರುಗಲೂ ಬೇಕು. ಭಾರವು ಅಂಚಿಗೆ ಸರಿದಷ್ಟೂ ಅದನ್ನು ತಿರುಗಿಸುವುದಕ್ಕೂ ನಿಲ್ಲಿಸುವುದಕ್ಕೂ ಹೆಚ್ಚು ಶಕ್ತಿ ಬೇಕಾಗುತ್ತದೆ. ಅಗ್ಗದ ಎರಕದ 19 ಅಂಗುಲದ ರಿಮ್ಮನ್ನು ಹಾಕಿಸಿಕೊಂಡ ಮೇಲೆ ಗಾಡಿ ಮೊದಲಿನಂತೆ ಚುರುಕಾಗಿ ಏಳುವುದಿಲ್ಲವೆಂದು ದೂರುವವನು ಎಂಜಿನನ್ನು ಬಯ್ಯಬೇಕಾದ್ದಿಲ್ಲ. ಜಗತ್ತಿನ ಅತ್ಯಂತ ವೇಗದ ಪಂದ್ಯದ ಕಾರುಗಳೆನಿಸಿದ ಫಾರ್ಮುಲಾ ಒಂದರ ಗಾಡಿಗಳು 2021ರ ಕೊನೆಯವರೆಗೂ 13 ಅಂಗುಲದ ರಿಮ್ಮುಗಳ ಮೇಲೆಯೇ ಓಡಿದವು. 18 ಅಂಗುಲ ಬಂದದ್ದು 2022ರಲ್ಲಿ. ಪುಟ್ಟ ಮಿನಿ ಕೂಪರ್ ಕಾರು 1964, 1965 ಮತ್ತು 1967ರಲ್ಲಿ ಮಾಂಟಿ ಕಾರ್ಲೋ ರ್‍ಯಾಲಿಯನ್ನು ಗೆದ್ದದ್ದು ಹತ್ತೇ ಅಂಗುಲದ ಗಾಲಿಗಳಿಂದ. ಸ್ಪರ್ಧೆಯ ಹೆಸರು ಹೇಳಿ ದೊಡ್ಡ ಗಾಲಿಯನ್ನು ಮಾರುವವರು ಇದನ್ನೂ ಹೇಳಬಹುದಾಗಿತ್ತು.

ಗಾತ್ರವನ್ನು ಆರಿಸಿದ ಮೇಲೆ ಹೊಂದಿಕೆಯ ಪ್ರಶ್ನೆ ಬರುತ್ತದೆ. ಅಪಾಯವೆಲ್ಲ ಅಡಗಿರುವುದು ಇಲ್ಲಿಯೇ. ಮೇಲೆ ಹೇಳಿದ ಗಾಲ್ಫಿನ ಐದು ಬೋಲ್ಟುಗಳು 112 ಮಿಲಿಮೀಟರು ವ್ಯಾಸದ ವೃತ್ತದಲ್ಲಿ ಕೂರುತ್ತವೆ. ನಡುವಿನ ರಂಧ್ರ 57.1 ಮಿಲಿಮೀಟರು. ಹೊರಗಿನಿಂದ ತಂದ ರಿಮ್ಮಿನ ರಂಧ್ರವು ಇದಕ್ಕಿಂತ ದೊಡ್ಡದಾಗಿದ್ದರೆ ಸರಿಯಾದ ಅಳತೆಯ ಉಂಗುರವನ್ನು ನಡುವೆ ಕೂರಿಸತಕ್ಕದ್ದು. ಇಲ್ಲವಾದರೆ ಗಾಲಿ ಕೇಂದ್ರದಿಂದ ಕೂದಲೆಳೆಯಷ್ಟು ಸರಿದು ವೇಗ ಹೆಚ್ಚಿದಂತೆ ಸ್ಟಿಯರಿಂಗು ನಡುಗುತ್ತದೆ. ಬೋಲ್ಟಿನ ತಲೆಯ ಕೆಳಭಾಗವು ಗೋಳಾಕಾರವೋ ಶಂಕುವಿನಾಕಾರವೋ ಎಂಬುದೂ ರಿಮ್ಮಿಗೆ ಒಪ್ಪಬೇಕು. ಕಾರ್ಖಾನೆಯ ಬೋಲ್ಟು ಗೋಳಾಕಾರದ್ದು, ಹೊರಗಿನ ರಿಮ್ಮುಗಳಲ್ಲಿ ಬಹಳಷ್ಟು ಶಂಕುವಿನವು. ಎರಡನ್ನೂ ಬೆರೆಸಿದರೆ ಬೋಲ್ಟು ಬಿಗಿಯಾದಂತೆ ತೋರಿ ದಾರಿಯಲ್ಲಿ ಸಡಿಲವಾಗುತ್ತದೆ.

ಇನ್ನು ಆಫ್‌ಸೆಟ್ ಎಂಬುದು. ರಿಮ್ಮಿನ ಮಧ್ಯರೇಖೆಯಿಂದ ಅದು ಹಬ್ಬಿಗೆ ತಗಲುವ ಮುಖವು ಎಷ್ಟು ಮಿಲಿಮೀಟರು ಹೊರಗಿದೆಯೆಂಬುದೇ ಈ ಅಳತೆ. ಗಾಲ್ಫಿನ ಏಳೂವರೆ ಅಂಗುಲ ಅಗಲದ ರಿಮ್ಮಿನಲ್ಲಿ ಇದು ಸುಮಾರು 50. ನೋಟಕ್ಕೆ ಸೊಗಸೆಂದು ಎಂಟೂವರೆ ಅಂಗುಲ ಅಗಲದ, 35 ಆಫ್‌ಸೆಟ್ಟಿನ ರಿಮ್ಮನ್ನು ತೊಡಿಸಿದನೆನ್ನಿ. ಅಗಲದಿಂದ ಸುಮಾರು 13, ಆಫ್‌ಸೆಟ್ಟಿನಿಂದ 15, ಹೀಗೆ ಗಾಲಿಯ ಹೊರಗಿನ ಅಂಚು 28 ಮಿಲಿಮೀಟರು ಈಚೆಗೆ ಬರುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕುಳಿತು ಹಳ್ಳಕ್ಕೆ ಇಳಿದಾಗ ಮಡ್‌ಗಾರ್ಡಿನ ಅಂಚು ಟೈರನ್ನು ಕೊಯ್ಯುವ ಶಬ್ದವನ್ನು ನಾವೇ ಒಬ್ಬ ಸ್ನೇಹಿತರ ಗಾಡಿಯಲ್ಲಿ ಕೇಳಿದ್ದೇವೆ. ಚಕ್ರದ ಬೇರಿಂಗಿನ ಮೇಲೆ ಬೀಳುವ ತಿರುಚು ಭಾರವು ಶಬ್ದವನ್ನೂ ಮಾಡುವುದಿಲ್ಲ, ಸುಮ್ಮನೆ ಸವೆಯುತ್ತದೆ.

ಭಾರದ ಸಂಖ್ಯೆಯನ್ನು ಓದುವವರಂತೂ ವಿರಳ. ಟೈರಿನ ಮೇಲೆ 91 ಎಂದಿದ್ದರೆ ಅದು 615 ಕಿಲೋಗ್ರಾಂ ಹೊರಬಲ್ಲದು. 87 ಎಂದಿದ್ದರೆ 545 ಮಾತ್ರ. ಗಿಡ್ಡ ಗೋಡೆಯ ಟೈರುಗಳಲ್ಲಿ ಅನೇಕವು ಅಧಿಕ ಭಾರದ ಜಾತಿಯವಾಗಿದ್ದು, ತಮ್ಮ ಪೂರ್ಣ ಭಾರವನ್ನು ಹೊರಬೇಕಾದರೆ ಹೆಚ್ಚು ಗಾಳಿಯನ್ನು ಬೇಡುತ್ತವೆ. ಸಾಮಾನ್ಯ ಟೈರು 36 ಪೌಂಡು ಒತ್ತಡದಲ್ಲಿ ಮಾಡುವುದನ್ನು ಇವು 42ರಲ್ಲಿ ಮಾಡುತ್ತವೆ. ಬಾಗಿಲಿನ ಕಂಬಕ್ಕೆ ಅಂಟಿಸಿದ ಹಳೆಯ ಒತ್ತಡವನ್ನೇ ಹೊಸ ಟೈರಿಗೂ ತುಂಬಿಸಿದರೆ ಗೋಡೆಯು ಬಿಸಿಯೇರಿ, ನಮ್ಮ ರಸ್ತೆಯ ಒಂದೇ ಗುಂಡಿಗೆ ಅದರೊಳಗಿನ ದಾರಗಳು ಹರಿದು ಬುಗುಟೆಯೇಳುತ್ತದೆ. ಅಂಥ ಟೈರಿಗೆ ರಿಪೇರಿಯಿಲ್ಲ, ಎಸೆಯುವುದೊಂದೇ ದಾರಿ.

ಬೆಂಗಳೂರಿನ ರಸ್ತೆಗಳ ಸ್ಥಿತಿಯನ್ನು ಬಲ್ಲವರಿಗೆ ನಾವು ಇದರ ಮೇಲೆ ಹೇಳಬೇಕಾದುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿನ ಓಡಾಟಕ್ಕೆ 17 ಅಂಗುಲವೇ ಮೇಲು. ಆಸೆ ತಡೆಯಲಾರದವನು 18ಕ್ಕೆ ನಿಲ್ಲಬೇಕು, ಅದೂ ತಯಾರಕನೇ ಪರೀಕ್ಷಿಸಿ ಕೊಟ್ಟ ಅಳತೆಯಲ್ಲಿ. ಉಳಿದ ಹಣದಿಂದ ಹಳೆಯ ರಿಮ್ಮಿಗೇ ಒಳ್ಳೆಯ ರಬ್ಬರಿನ ಟೈರನ್ನು ಕೊಂಡರೆ ಒದ್ದೆ ನೆಲದಲ್ಲಿ ಬ್ರೇಕು ಹಾಕಿದ ದಿನ ವ್ಯತ್ಯಾಸ ತಿಳಿಯುತ್ತದೆ. ಕೊಳ್ಳುವಾಗ ಟೈರಿನ ಗೋಡೆಯ ಮೇಲಿನ ನಾಲ್ಕಂಕಿಯ ತಾರೀಖನ್ನು ನೋಡತಕ್ಕದ್ದು: 2325 ಎಂದಿದ್ದರೆ ಅದು 2025ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು.

ಈಗ ಕಾನೂನಿನ ಮಾತು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ತಯಾರಕನು ಮೂಲದಲ್ಲಿ ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸುತ್ತದೆ. ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಇಂಥ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸವನ್ನಾಗಲಿ, ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡವನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದೆಂದು ಗೊತ್ತುಮಾಡಿತು. ಆದರೆ ಅದೇ 52ನೆಯ ಕಲಮಿನ ವಿವರಣೆಯು, ಮಾರ್ಪಾಡೆಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆಯೆಂದು ಹೇಳುತ್ತದೆ. ಒಂದಂಗುಲ ದೊಡ್ಡ ರಿಮ್ಮು ಮೂಲ ಲಕ್ಷಣವನ್ನು ಬದಲಿಸಿತೇ? ತಯಾರಕನೇ ಮೇಲಿನ ದರ್ಜೆಯ ಗಾಡಿಗೆ ಕೊಡುವ ಗಾಲಿಯನ್ನು ಕೆಳಗಿನ ದರ್ಜೆಯವನು ತೊಡಿಸಿದರೆ ಅದು ಅಪರಾಧವೇ? ಇದನ್ನು ರಸ್ತೆಯ ಮೂಲೆಯಲ್ಲಿ ನಿಂತ ಪೇದೆಯ ವಿವೇಚನೆಗೆ ಬಿಡುವುದು ಪೇದೆಗೂ ನ್ಯಾಯವಲ್ಲ, ಗಾಡಿಯವನಿಗೂ ನ್ಯಾಯವಲ್ಲ. ಅಪಘಾತವಾದ ಮೇಲೆ ವಿಮೆಯವರು ಇದನ್ನೇ ಹಿಡಿದು ತಕರಾರು ತೆಗೆದರೆ ಅದರ ನಷ್ಟವು ಗಾಯಗೊಂಡ ಮೂರನೆಯವನಿಗೂ ತಟ್ಟಬಹುದು.

ಜರ್ಮನಿಯಲ್ಲಿ ರಿಮ್ಮನ್ನು ಮಾರುವವನು ಅದು ಯಾವ ಯಾವ ಗಾಡಿಗೆ, ಯಾವ ಟೈರಿನೊಡನೆ, ಯಾವ ಷರತ್ತಿನ ಮೇಲೆ ಒಪ್ಪುತ್ತದೆಂಬ ಪರೀಕ್ಷಾಪತ್ರವನ್ನು ಜತೆಗೆ ಕೊಡುತ್ತಾನೆ. ಅಗತ್ಯವಿದ್ದಲ್ಲಿ ಟ್ಯೂಫ್ ಮುಂತಾದ ಸಂಸ್ಥೆಗಳ ಪರೀಕ್ಷಕರು ಗಾಡಿಯನ್ನು ನೋಡಿ ದಾಖಲೆಗೆ ಸೇರಲು ಅನುಮೋದನೆ ಕೊಡುತ್ತಾರೆ. ಅಲ್ಲಿ ದೊಡ್ಡ ಗಾಲಿ ತೊಡಿಸುವವರು ನಮ್ಮಲ್ಲಿಗಿಂತ ಕಡಿಮೆಯೇನಲ್ಲ. ವ್ಯತ್ಯಾಸವೆಂದರೆ ಯಾವುದು ಒಪ್ಪಿತ, ಯಾವುದು ನಿಷಿದ್ಧವೆಂಬುದು ಕೊಳ್ಳುವ ಮೊದಲೇ ಕಾಗದದಲ್ಲಿ ಬರೆದಿರುತ್ತದೆ.

ಆದಕಾರಣ ಕೇಂದ್ರ ಸಾರಿಗೆ ಮಂತ್ರಾಲಯದಿಂದ ನಾವು ಬಯಸುವುದು ದೊಡ್ಡದೇನಲ್ಲ. ಪ್ರತಿಯೊಂದು ಮಾದರಿಯ ಗಾಡಿಗೂ ಒಪ್ಪುವ ರಿಮ್ಮಿನ ವ್ಯಾಸ, ಅಗಲ, ಆಫ್‌ಸೆಟ್ ಮತ್ತು ಟೈರಿನ ಭಾರಸಂಖ್ಯೆಯ ಪಟ್ಟಿಯನ್ನು ತಯಾರಕರಿಂದ ಪಡೆದು ಪ್ರಕಟಿಸಲಿ. ಆ ಪಟ್ಟಿಯೊಳಗಿನದು ಮಾರ್ಪಾಡಲ್ಲವೆಂದು ಒಂದು ಅಧಿಸೂಚನೆಯನ್ನು ಹೊರಡಿಸಲಿ. ಪಟ್ಟಿಯ ಹೊರಗಿನದನ್ನು ಪರೀಕ್ಷೆಗೆ ತಂದು ಒಪ್ಪಿಗೆ ಪಡೆಯಲು ಒಂದು ಬಾಗಿಲನ್ನು ತೆರೆದಿಡಲಿ. ರಿಮ್ಮು ಹೊರಬಲ್ಲ ಭಾರವನ್ನು ರಸೀದಿಯ ಮೇಲೆ ಬರೆದುಕೊಡದ ಅಂಗಡಿಯವನಿಗೂ ದಂಡವಿರಲಿ. ಇಂದಿನ ಸ್ಥಿತಿಯಲ್ಲಿ ಗಾಡಿಯವನು ಬೀದಿಯಲ್ಲಿ ದಂಡ ತೆರುವಾಗ, ಆ ಗಾಲಿಯನ್ನು ಅವನಿಗೆ ಮಾರಿದವನು ಅದೇ ಸಂಜೆ ಮತ್ತೊಬ್ಬನಿಗೆ ಅದೇ ಅಳತೆಯದನ್ನು ತೊಡಿಸುತ್ತಿರುತ್ತಾನೆ.